ಪ್ರನಾಳ ಶಿಶು ಮತ್ತು ಕೈರೋದ ಫತ್ವಾ

ಹೊಸ ಸಂಗತಿಯೊಂದರ ಬಗ್ಗೆ ನಮ್ಮ ಉಲಮಾಗಳು ಬಾಯಿ ತೆರೆಯುವಷ್ಟರಲ್ಲಿ ಒಂದು ತಲೆಮಾರೇ ಕಳೆದುಹೋಗಿರುತ್ತದೆ ಎಂಬ ದೂರು ಹಳೆಯದು. ಪ್ರನಾಳ ಶಿಶುವಿನ ವಿಷಯದಲ್ಲಿ ಹಾಗಾಗಲಿಲ್ಲ. ಇಂಗ್ಲೆಂಡಿನಲ್ಲಿ ಲೂಯಿಸ್ ಬ್ರೌನ್ ಹುಟ್ಟಿದ್ದು 1978ರ ಜುಲೈ 25ರಂದು. 1980ರ ಮಾರ್ಚ್ 23ರಂದು ಈಜಿಪ್ಟಿನ ಮುಫ್ತಿ ಶೇಖ್ ಜಾದುಲ್ ಹಕ್ ಅಲಿ ಜಾದುಲ್ ಹಕ್ ಅದರ ಬಗ್ಗೆ ವಿವರವಾದ ಫತ್ವಾ ನೀಡಿದರು. ಕೈರೋದಲ್ಲಿ ಈ ಚಿಕಿತ್ಸೆಯ ಮೊದಲ ಕೇಂದ್ರ ತೆರೆದದ್ದು 1986ರಲ್ಲಿ. ಅಂದರೆ ಯಂತ್ರಕ್ಕಿಂತ ಆರು ವರ್ಷ ಮೊದಲೇ ನಿಯಮ ಬಂದಿತ್ತು!

ಫತ್ವಾದ ತಿರುಳು ಸರಳ. ನಿಕಾಹ್ ಊರ್ಜಿತದಲ್ಲಿರುವ ಗಂಡ ಹೆಂಡತಿಯರ ವೀರ್ಯಾಣು, ಅಂಡಾಣುಗಳನ್ನೇ ಬಳಸಿ, ಆ ಹೆಂಡತಿಯೇ ಹೆರುವುದಾದರೆ ಚಿಕಿತ್ಸೆ ಸಮ್ಮತ. ಮೂರನೆಯವರು ನಡುವೆ ಬರಕೂಡದು. ಮಗುವಿಗೆ ತನ್ನ ತಂದೆ ಯಾರೆಂದು ತಿಳಿದಿರಬೇಕು ಎಂಬ ಕಾಳಜಿ ಇದರ ಹಿಂದಿತ್ತು. ನನಗೆ ಹೆಚ್ಚು ಮೆಚ್ಚುಗೆಯಾದದ್ದು ವೈದ್ಯರ ಕುರಿತ ಭಾಗ. ನಿಷಿದ್ಧ ವಿಧಾನ ಅನುಸರಿಸಿದ ವೈದ್ಯ ತಪ್ಪಿತಸ್ಥ, ಅವನ ಸಂಪಾದನೆಯೂ ಹರಾಮ್ ಎಂದಿತು ಫತ್ವಾ. ರೋಗಿಯ ಜೊತೆಗೆ ಆಸ್ಪತ್ರೆಯ ಗಲ್ಲಾಪೆಟ್ಟಿಗೆಯನ್ನೂ ವಿಚಾರಿಸಿಕೊಂಡ ಮಾತು ಅದು.

ಮಕ್ಕಾದ ಫಿಕ್ಹ್ ಮಂಡಳಿ 1984ರಲ್ಲಿ ಒಂದು ವಿನಾಯಿತಿ ನೀಡಿತು: ಒಬ್ಬ ಹೆಂಡತಿಯ ಅಂಡಾಣುವಿನಿಂದಾದ ಭ್ರೂಣವನ್ನು ಅದೇ ಗಂಡನ ಇನ್ನೊಬ್ಬ ಹೆಂಡತಿ ಹೊರಬಹುದು. ಮರುವರ್ಷವೇ ಮಂಡಳಿ ಅದನ್ನು ಹಿಂತೆಗೆದುಕೊಂಡಿತು. ಹೊತ್ತವಳು ಅದೇ ಹೊತ್ತಿಗೆ ಸ್ವತಃ ಗರ್ಭಿಣಿಯಾದರೆ ಯಾವ ಮಗು ಯಾರದೆಂದು ಗೊತ್ತಾಗದು ಎಂಬ ಪ್ರಶ್ನೆ ಎದ್ದಿತ್ತು. ಕೊಟ್ಟ ಮಾತನ್ನು ಒಂದೇ ವರ್ಷದಲ್ಲಿ ತಿದ್ದಿಕೊಳ್ಳುವುದು ವಿದ್ವಾಂಸರ ಸಭೆಗೆ ಸುಲಭವಲ್ಲ. 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿದ ಮತ್ತೊಂದು ಫಿಕ್ಹ್ ಅಕಾಡೆಮಿ ಏಳು ವಿಧಾನಗಳನ್ನು ಪರಿಶೀಲಿಸಿ ಐದನ್ನು ನಿಷೇಧಿಸಿತು.

ಸುನ್ನಿ ಜಗತ್ತಿನಲ್ಲಿ ವಿಷಯ ಇಲ್ಲಿಗೆ ಮುಗಿದಂತೆ ಕಂಡಿತ್ತು. ಆದರೆ 1992ರ ಹೊತ್ತಿಗೆ ಬೆಲ್ಜಿಯಂನಲ್ಲಿ ಒಂದೇ ಒಂದು ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಗೆ ಸೇರಿಸುವ ವಿಧಾನ ಸಿದ್ಧವಾಯಿತು. 1994ರಲ್ಲಿ ಅದು ಈಜಿಪ್ಟಿಗೂ ಬಂತು. ದೋಷ ಗಂಡನಲ್ಲಿದ್ದರೂ ಈಗ ಅವನಿಗೆ ಸ್ವಂತ ಮಗು ಸಾಧ್ಯ. ಅಲ್ಲಿ ವರ್ಷಗಟ್ಟಲೆ ಅಧ್ಯಯನ ನಡೆಸಿದ ಅಮೆರಿಕದ ಮಾನವಶಾಸ್ತ್ರಜ್ಞೆ ಮಾರ್ಸಿಯಾ ಇನ್‌ಹಾರ್ನ್ ಇದರ ಇನ್ನೊಂದು ಮುಖವನ್ನು ದಾಖಲಿಸಿದ್ದಾರೆ. ಗಂಡನ ದೋಷವನ್ನು ಮುಚ್ಚಿಟ್ಟು, 'ಬಂಜೆ' ಎಂಬ ಮಾತನ್ನು ತಾವೇ ಸಹಿಸಿಕೊಂಡು ಬಾಳಿದ ಹೆಂಡತಿಯರಿದ್ದರು. ಚಿಕಿತ್ಸೆ ಬರುವ ವೇಳೆಗೆ ಅವರ ವಯಸ್ಸು ಮೀರಿತ್ತು. ಇನ್ನೊಬ್ಬಳ ಅಂಡಾಣು ಪಡೆಯುವಂತಿಲ್ಲ. ಗಂಡನ ಮುಂದೆ ಮಾತ್ರ ಇನ್ನೊಂದು ದಾರಿ ತೆರೆದಿತ್ತು: ಎಳೆಯ ವಯಸ್ಸಿನ ಎರಡನೇ ಹೆಂಡತಿ. ವಂಶವನ್ನು ಕಾದ ನಿಯಮದ ಬೆಲೆ ತೆತ್ತವಳು ಮೊದಲ ಹೆಂಡತಿ. ಇದನ್ನು ಶರೀಅತ್‌ನ ತಲೆಗೆ ಕಟ್ಟುವುದಕ್ಕಿಂತ ಆ ಗಂಡಸರ ಕೃತಘ್ನತೆ ಎನ್ನುವುದೇ ಸರಿ. ಆದರೂ ಫತ್ವಾ ಬರೆಯುವವರ ಮುಂದೆ ಈಕೆಯ ಅಳಲನ್ನೂ ಇಡಬೇಕಾಗುತ್ತದೆ.

ಶಿಯಾ ಬಹುಸಂಖ್ಯಾತ ಇರಾನ್ ಬೇರೆ ಹಾದಿ ಹಿಡಿಯಿತು. 1999ರಲ್ಲಿ ಆಯತುಲ್ಲಾ ಖಾಮಿನೈ ದಾನಿಗಳ ನೆರವಿಗೆ ಷರತ್ತುಬದ್ಧ ಅನುಮತಿ ನೀಡಿದರು. ಶಿಯಾ ವಿದ್ವಾಂಸರೆಲ್ಲರೂ ಅದನ್ನು ಒಪ್ಪಲಿಲ್ಲ. 2003ರಲ್ಲಿ ಅಲ್ಲಿನ ಸಂಸತ್ತು ದಂಪತಿಗಳಿಂದ ದಂಪತಿಗಳಿಗೆ ಭ್ರೂಣದಾನವನ್ನು ಕಾನೂನುಬದ್ಧಗೊಳಿಸಿತು. ಆ ಮಗುವನ್ನು ಸಾಕಿ ಸಲಹುವ ಹೊಣೆ ಪಡೆದವರದ್ದು ಎಂದು ಕಾನೂನು ಸ್ಪಷ್ಟವಾಗಿ ಹೇಳಿತು. ಆದರೆ ಆಸ್ತಿಯಲ್ಲಿ ಮಗುವಿನ ಪಾಲೇನು ಎಂಬುದರ ಬಗ್ಗೆ ಅದರಲ್ಲಿ ಒಂದಕ್ಷರವಿಲ್ಲ.