ಕಚೇರಿಯಿಂದ ಹೊರಗಿರುವ ಸಿಬ್ಬಂದಿಯ ಲ್ಯಾಪ್‌ಟಾಪ್ ಲಾಗಿನ್ ವಿಫಲತೆ: ಕಾರಣ, ಪರಿಹಾರ ಹಾಗೂ ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಕಂದಾಯ ಇಲಾಖೆಯಿಂದ ನೀಡಲಾಗುವ ಬಹುತೇಕ ಪ್ರಮಾಣಪತ್ರಗಳಿಗೆ ಗ್ರಾಮ ಮಟ್ಟದ ಪರಿಶೀಲನಾ ವರದಿಯೇ ಆಧಾರವಾಗಿರುತ್ತದೆ. ಹಿಂದೆ ಈ ವರದಿಯನ್ನು ಕಾಗದದ ಮೇಲೆ ಬರೆದು ನಾಡಕಚೇರಿಗೆ ಸಲ್ಲಿಸಲಾಗುತ್ತಿತ್ತು. ಈಗ ಗ್ರಾಮ ಆಡಳಿತ ಅಧಿಕಾರಿ, ಕಂದಾಯ ನಿರೀಕ್ಷಕ ಮುಂತಾದ ಸಿಬ್ಬಂದಿಯು ತಮ್ಮ ತಮ್ಮ ಲಾಗಿನ್ ಮೂಲಕ ತಂತ್ರಾಂಶದಲ್ಲಿಯೇ ವರದಿಯನ್ನು ದಾಖಲಿಸಬೇಕಾಗಿದೆ. ಲಾಗಿನ್ ಆಗದಿದ್ದಲ್ಲಿ ಸ್ಥಳ ಪರಿಶೀಲನೆ ಮುಗಿದಿದ್ದರೂ ಅರ್ಜಿ ಮುಂದಿನ ಹಂತಕ್ಕೆ ಸಾಗುವುದಿಲ್ಲ.

ಕಮಲಾಪುರವು ಕಲಬುರಗಿ ನಗರದಿಂದ ಹುಮನಾಬಾದ್ ಮಾರ್ಗದಲ್ಲಿ ಸುಮಾರು 35 ಕಿ.ಮೀ. ದೂರದಲ್ಲಿದೆ. ಮೊದಲು ಕಲಬುರಗಿ ತಾಲ್ಲೂಕಿಗೆ ಸೇರಿದ್ದ ಈ ಊರು, 2017-18ನೇ ಸಾಲಿನ ಆಯವ್ಯಯದಲ್ಲಿ ಘೋಷಿಸಲಾದ ಹೊಸ ತಾಲ್ಲೂಕುಗಳಲ್ಲಿ ಒಂದಾಗಿ ತಾಲ್ಲೂಕು ಕೇಂದ್ರವಾಯಿತು. ಇದರಿಂದ ಕಚೇರಿಯು ಜನರಿಗೆ ಹತ್ತಿರವಾಯಿತು. ಆದರೆ ಗ್ರಾಮಗಳಲ್ಲಿ ಸಂಚರಿಸುವ ಸಿಬ್ಬಂದಿಗೆ ಲಾಗಿನ್ ತೊಂದರೆಯಾದಾಗ, ನೆರವು ನೀಡಬಲ್ಲ ತಾಂತ್ರಿಕ ಸಿಬ್ಬಂದಿಯು ಅನೇಕ ವೇಳೆ ಜಿಲ್ಲಾ ಕೇಂದ್ರದಲ್ಲಿಯೇ ಇರುತ್ತಾರೆ. ಲ್ಯಾಪ್‌ಟಾಪ್ ಹಿಡಿದು ನಗರಕ್ಕೆ ಹೋಗಿಬರುವುದೆಂದರೆ ಒಂದು ಕೆಲಸದ ದಿನ ಕಳೆದಂತೆಯೇ ಸರಿ. ಕಚೇರಿಯ ಹೊರಗೆ ಗಣಕಯಂತ್ರ ಬಳಸುವ ಅಗತ್ಯವು 2020ರ ಕೋವಿಡ್ ನಿರ್ಬಂಧಗಳ ಕಾಲದಲ್ಲಿ ಎಲ್ಲ ಇಲಾಖೆಗಳಿಗೂ ಮನವರಿಕೆಯಾಯಿತು. 2024ರ ಸೆಪ್ಟೆಂಬರ್‌ನಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು ರಾಜ್ಯಾದ್ಯಂತ ನಡೆಸಿದ ಮುಷ್ಕರದ ಬೇಡಿಕೆಗಳಲ್ಲಿ ಲ್ಯಾಪ್‌ಟಾಪ್ ಒದಗಿಸುವುದೂ ಸೇರಿತ್ತು.

ಲಾಗಿನ್ ವಿಫಲವಾಗಲು ಕಾರಣಗಳೇನು, ಸ್ಥಳದಲ್ಲಿಯೇ ಸರಿಪಡಿಸಬಹುದಾದುವು ಯಾವುವು, ಅಂತಹ ಸಂದರ್ಭದಲ್ಲಿ ಅರ್ಜಿದಾರರ ಹಕ್ಕುಗಳೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

2. ಲಾಗಿನ್ ಎಂಬುದು ಒಂದೇ ಹಂತವಲ್ಲ

"ಲಾಗಿನ್ ಆಗುತ್ತಿಲ್ಲ" ಎಂಬ ಒಂದೇ ಮಾತಿನಲ್ಲಿ ನಾಲ್ಕು ಬೇರೆ ಬೇರೆ ತೊಂದರೆಗಳು ಅಡಗಿರಬಹುದು. ಆದುದರಿಂದ ಯಾವ ಹಂತದಲ್ಲಿ ತಡೆಯಾಗಿದೆ ಎಂಬುದನ್ನು ಮೊದಲು ಗುರುತಿಸತಕ್ಕದ್ದು.

ಅ) ಲ್ಯಾಪ್‌ಟಾಪ್ ಪ್ರವೇಶ: ಯಂತ್ರವನ್ನು ಚಾಲೂ ಮಾಡಿದಾಗ ಕೇಳಲಾಗುವ ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್.
ಆ) ಜಾಲ ಸಂಪರ್ಕ: ಮೊಬೈಲ್ ಅಂತರಜಾಲ ಅಥವಾ ವೈ-ಫೈ. ಕಚೇರಿ ಜಾಲದೊಳಗೆ ಮಾತ್ರ ತೆರೆಯುವ ತಂತ್ರಾಂಶಗಳಿಗೆ ಇದರ ಮೇಲೆ ವಿಪಿಎನ್ ಸಂಪರ್ಕವೂ ಬೇಕಾಗುತ್ತದೆ.
ಇ) ತಂತ್ರಾಂಶದ ಲಾಗಿನ್: ಪಾಸ್‌ವರ್ಡ್ ಜೊತೆಗೆ ಒಟಿಪಿ ಅಥವಾ ಬೆರಳಚ್ಚು.
ಈ) ಡಿಜಿಟಲ್ ಸಹಿ: ಪ್ರಮಾಣಪತ್ರಕ್ಕೆ ಸಹಿ ಮಾಡುವ ಅಧಿಕಾರಿಯ ಯುಎಸ್‌ಬಿ ಟೋಕನ್ ಮತ್ತು ಅದರ ಪಿನ್.

ಪರದೆಯ ಮೇಲೆ ಕಾಣುವ ಸಂದೇಶವನ್ನು ಮೊಬೈಲ್‌ನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳುವುದು ಉತ್ತಮ. "ಪಾಸ್‌ವರ್ಡ್ ತಪ್ಪಾಗಿದೆ", "ಖಾತೆ ಲಾಕ್ ಆಗಿದೆ", "ಸರ್ವರ್ ಸಿಗುತ್ತಿಲ್ಲ" ಎಂಬ ಮೂರು ಸಂದೇಶಗಳಿಗೆ ಪರಿಹಾರಗಳು ಬೇರೆ ಬೇರೆ. ಚಿತ್ರ ತೆಗೆಯುವಾಗ ಅರ್ಜಿದಾರರ ವಿವರಗಳಾಗಲೀ ಪಾಸ್‌ವರ್ಡ್ ಆಗಲೀ ಕಾಣದಂತೆ ಎಚ್ಚರ ವಹಿಸತಕ್ಕದ್ದು.

3. ಸಾಮಾನ್ಯ ಕಾರಣಗಳು ಮತ್ತು ಪರಿಹಾರ

3.1 ಕೀಲಿಮಣೆ: ಕ್ಯಾಪ್ಸ್ ಲಾಕ್ ಮತ್ತು ನಮ್ ಲಾಕ್ ಗುಂಡಿಗಳನ್ನು ಮೊದಲು ಪರಿಶೀಲಿಸಬೇಕು. ವರದಿಯನ್ನು ಕನ್ನಡದಲ್ಲಿ ಬೆರಳಚ್ಚು ಮಾಡುವ ಸಿಬ್ಬಂದಿಗೆ ಇನ್ನೊಂದು ಕಾರಣವೂ ಇರುತ್ತದೆ. ನುಡಿ ತಂತ್ರಾಂಶ ಅಥವಾ ಇನ್‌ಸ್ಕ್ರಿಪ್ಟ್ ಕೀಲಿಮಣೆ ಚಾಲ್ತಿಯಲ್ಲಿದ್ದಾಗ ಪಾಸ್‌ವರ್ಡ್ ನಮೂದಿಸಿದರೆ ಕನ್ನಡ ಅಕ್ಷರಗಳು ಮೂಡುತ್ತವೆ. ಆದರೆ ಪರದೆಯಲ್ಲಿ ಚುಕ್ಕೆಗಳು ಮಾತ್ರ ಕಾಣುವುದರಿಂದ ಇದು ಗಮನಕ್ಕೆ ಬರುವುದಿಲ್ಲ. ಬಳಕೆದಾರರ ಹೆಸರಿನ ಸ್ಥಳದಲ್ಲಿ ಒಂದೆರಡು ಅಕ್ಷರ ಒತ್ತಿ ನೋಡಿದರೆ ಯಾವ ಭಾಷೆ ಚಾಲ್ತಿಯಲ್ಲಿದೆ ಎಂಬುದು ತಿಳಿಯುತ್ತದೆ.

3.2 ದಿನಾಂಕ ಮತ್ತು ಸಮಯ: ಗಡಿಯಾರ ತಪ್ಪಾಗಿದ್ದರೆ ಪಾಸ್‌ವರ್ಡ್ ಸರಿಯಿದ್ದರೂ ಲಾಗಿನ್ ವಿಫಲವಾಗಬಹುದು. ವಿಂಡೋಸ್ ಡೊಮೈನ್ ವ್ಯವಸ್ಥೆಯಲ್ಲಿ ಸರ್ವರ್ ಮತ್ತು ಲ್ಯಾಪ್‌ಟಾಪ್ ಗಡಿಯಾರಗಳ ನಡುವೆ ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚು ಅಂತರವಿರುವಂತಿಲ್ಲ. ದೃಢೀಕರಣ ಆ್ಯಪ್‌ಗಳು ತೋರಿಸುವ ಸಂಕೇತ ಸಂಖ್ಯೆಯು ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ದಿನಾಂಕವು ಹಳೆಯ ವರ್ಷಕ್ಕೆ ಹೋಗಿದ್ದರೆ ಸುರಕ್ಷಿತ ಜಾಲತಾಣಗಳು ತೆರೆಯುವುದೇ ಇಲ್ಲ. ಬಹಳ ದಿನ ಬಳಸದೆ ಇಟ್ಟ ಹಳೆಯ ಯಂತ್ರಗಳಲ್ಲಿ ಒಳಗಿನ ಚಿಕ್ಕ ಬ್ಯಾಟರಿ ದುರ್ಬಲವಾಗಿದ್ದರೆ ಹೀಗಾಗುತ್ತದೆ. ದಿನಾಂಕ, ಸಮಯ ಹಾಗೂ ಭಾರತೀಯ ಸಮಯ ವಲಯ, ಈ ಮೂರನ್ನೂ ಸರಿಪಡಿಸಿ ಮತ್ತೆ ಪ್ರಯತ್ನಿಸಬೇಕು.

3.3 ಹಳೆಯ ಪಾಸ್‌ವರ್ಡ್ ಮತ್ತು ಹೊಸ ಪಾಸ್‌ವರ್ಡ್: ಡೊಮೈನ್‌ಗೆ ಸೇರಿಸಲಾದ ಲ್ಯಾಪ್‌ಟಾಪ್ ಕಚೇರಿ ಜಾಲದಿಂದ ದೂರವಿದ್ದಾಗ, ಹಿಂದೆ ಯಶಸ್ವಿಯಾದ ಲಾಗಿನ್ ಆಧಾರದ ಮೇಲೆ ತನ್ನಲ್ಲಿಯೇ ಉಳಿಸಿಕೊಂಡ ಗುರುತಿನೊಂದಿಗೆ ಪಾಸ್‌ವರ್ಡನ್ನು ಹೋಲಿಸಿ ನೋಡುತ್ತದೆ. ಸಿಬ್ಬಂದಿಯು ಕಲಬುರಗಿಯ ಕಚೇರಿಯಲ್ಲಿ ಬೇರೊಂದು ಗಣಕಯಂತ್ರದಲ್ಲಿ ಪಾಸ್‌ವರ್ಡ್ ಬದಲಿಸಿ ಕಮಲಾಪುರಕ್ಕೆ ಬಂದರೆ, ಕೈಯಲ್ಲಿರುವ ಲ್ಯಾಪ್‌ಟಾಪ್‌ಗೆ ಆ ಬದಲಾವಣೆ ತಿಳಿದಿರುವುದಿಲ್ಲ. ಯಂತ್ರವು ಹಳೆಯದನ್ನು ಒಪ್ಪುತ್ತದೆ, ಸರ್ವರ್ ಹೊಸದನ್ನು ಮಾತ್ರ ಒಪ್ಪುತ್ತದೆ. ಇಂತಹ ಸಂದರ್ಭದಲ್ಲಿ ಹಳೆಯ ಪಾಸ್‌ವರ್ಡ್‌ನಿಂದ ಲ್ಯಾಪ್‌ಟಾಪ್ ತೆರೆದು, ಹೊಸ ಪಾಸ್‌ವರ್ಡ್‌ನಿಂದ ವಿಪಿಎನ್ ಸಂಪರ್ಕ ಪಡೆದು, ಸಂಪರ್ಕವಿರುವಾಗಲೇ ಪರದೆಯನ್ನು ಲಾಕ್ ಮಾಡಿ ಹೊಸ ಪಾಸ್‌ವರ್ಡ್‌ನಿಂದ ತೆರೆಯಬೇಕು. ಆಗ ಎರಡೂ ಒಂದಾಗುತ್ತವೆ.

ಇದೇ ಕಾರಣದಿಂದ, ಒಂದು ಲ್ಯಾಪ್‌ಟಾಪ್‌ನಲ್ಲಿ ಒಮ್ಮೆಯೂ ಲಾಗಿನ್ ಆಗಿರದ ಸಿಬ್ಬಂದಿಯು ಅದನ್ನು ಮೊದಲ ಬಾರಿಗೆ ಗ್ರಾಮದಲ್ಲಿ ತೆರೆಯಲು ಸಾಧ್ಯವಾಗದೇ ಇರಬಹುದು. ವರ್ಗಾವಣೆಯಾಗಿ ಬಂದವರು ಹಾಗೂ ಪ್ರಭಾರದಲ್ಲಿರುವವರು ಯಂತ್ರವನ್ನು ಹೊರಗೆ ಕೊಂಡೊಯ್ಯುವ ಮೊದಲು ಕಚೇರಿ ಜಾಲದಲ್ಲಿ ಒಮ್ಮೆ ಲಾಗಿನ್ ಆಗತಕ್ಕದ್ದು.

3.4 ಖಾತೆ ಲಾಕ್ ಆಗಿರುವುದು: ನಿಗದಿತ ಸಂಖ್ಯೆಗಿಂತ ಹೆಚ್ಚು ಬಾರಿ ತಪ್ಪು ಪಾಸ್‌ವರ್ಡ್ ನಮೂದಿಸಿದರೆ ಖಾತೆಯು ತಾನಾಗಿಯೇ ಲಾಕ್ ಆಗುತ್ತದೆ. ಎರಡು ಬಾರಿ ವಿಫಲವಾದ ಕೂಡಲೇ ನಿಲ್ಲಿಸಿ ಕಾರಣ ಹುಡುಕುವುದು ಲೇಸು. ಲಾಕ್ ತೆಗೆಸಿದ ಮೇಲೂ ಮತ್ತೆ ಮತ್ತೆ ಲಾಕ್ ಆಗುತ್ತಿದ್ದರೆ, ಮೊಬೈಲ್‌ನಲ್ಲಾಗಲೀ ಬ್ರೌಸರ್‌ನಲ್ಲಾಗಲೀ ಉಳಿಸಿಟ್ಟ ಹಳೆಯ ಪಾಸ್‌ವರ್ಡ್ ತಾನಾಗಿಯೇ ಪ್ರಯತ್ನಿಸುತ್ತಿರಬಹುದು. ಅದನ್ನು ಅಳಿಸಬೇಕು.

3.5 ಒಟಿಪಿ ಬಾರದಿರುವುದು: ಲಾಗಿನ್‌ಗೆ ಜೋಡಿಸಿರುವ ಮೊಬೈಲ್ ಸಂಖ್ಯೆ ಯಾವುದು, ಆ ಸಿಮ್‌ಗೆ ಆ ಗ್ರಾಮದಲ್ಲಿ ಸಂಕೇತ ದೊರೆಯುತ್ತಿದೆಯೇ ಎಂಬುದನ್ನು ನೋಡಬೇಕು. ಅಂತರಜಾಲಕ್ಕೆ ಒಂದು ಸಿಮ್, ಒಟಿಪಿಗೆ ಇನ್ನೊಂದು ಸಿಮ್ ಇದ್ದಾಗ ಈ ತೊಂದರೆ ಗೋಚರಿಸುತ್ತದೆ. ಹೊಸ ಒಟಿಪಿ ಕೋರಿದರೆ ಸಾಮಾನ್ಯವಾಗಿ ಹಿಂದಿನದು ರದ್ದಾಗುತ್ತದೆ. ಆದುದರಿಂದ ತಡವಾಗಿ ಬಂದ ಹಳೆಯ ಸಂಖ್ಯೆಯನ್ನು ನಮೂದಿಸಬಾರದು.

3.6 ಡಿಜಿಟಲ್ ಸಹಿ ಟೋಕನ್: ಡಿಜಿಟಲ್ ಸಹಿ ಪ್ರಮಾಣಪತ್ರವು ಅವಧಿಯುಳ್ಳದ್ದು, ಗರಿಷ್ಠ 3 ವರ್ಷ. ಅವಧಿ ಮುಗಿದರೆ ಲಾಗಿನ್ ಆದರೂ ಸಹಿ ಆಗುವುದಿಲ್ಲ. ತಪ್ಪು ಪಿನ್ ಪದೇ ಪದೇ ನಮೂದಿಸಿದರೆ ಟೋಕನ್ ಲಾಕ್ ಆಗುತ್ತದೆ. ಅವಧಿ ಮುಗಿಯುವ ಒಂದು ತಿಂಗಳ ಮೊದಲೇ ನವೀಕರಣಕ್ಕೆ ಕ್ರಮ ಕೈಗೊಳ್ಳುವುದು ಸೂಕ್ತ.

3.7 ನೀಲಿ ಪರದೆ ಮತ್ತು 48 ಅಂಕಿಗಳ ಕೀಲಿ: ಬಿಟ್‌ಲಾಕರ್ ರಕ್ಷಣೆಯಿರುವ ಲ್ಯಾಪ್‌ಟಾಪ್‌ಗಳು ಕೆಲವು ನವೀಕರಣಗಳ ನಂತರ 48 ಅಂಕಿಗಳ ಮರುಪಡೆಯುವಿಕೆ ಕೀಲಿಯನ್ನು ಕೇಳಬಹುದು. ಈ ಕೀಲಿಯು ಲ್ಯಾಪ್‌ಟಾಪ್‌ನೊಂದಿಗೆ ಚೀಲದಲ್ಲಿ ಇರಬಾರದು, ಕಚೇರಿಯ ಸುರಕ್ಷಿತ ದಾಖಲೆಯಲ್ಲಿ ಇರತಕ್ಕದ್ದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ದೋಷಪೂರ್ಣ ನವೀಕರಣದಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಸ್ಥಗಿತಗೊಂಡಾಗ, ಈ ಕೀಲಿ ಎಲ್ಲಿದೆಯೆಂದು ತಿಳಿಯದ ಕಚೇರಿಗಳಿಗೆ ಯಂತ್ರಗಳನ್ನು ಮರಳಿ ತೆರೆಯುವುದು ಕಷ್ಟವಾಯಿತು.

3.8 ವಿದ್ಯುತ್ ಮತ್ತು ಬಿಸಿಲು: ಕಲಬುರಗಿ ಭಾಗದಲ್ಲಿ ಬೇಸಿಗೆಯ ತಾಪಮಾನವು 42 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಬಿಸಿಲಿನಲ್ಲಿ ನಿಲ್ಲಿಸಿದ ವಾಹನದಲ್ಲಿ ಯಂತ್ರವನ್ನು ಇಡಬಾರದು. ಕಾದ ಯಂತ್ರವು ಲಾಗಿನ್ ನಡುವೆಯೇ ಆರಿಹೋಗಬಹುದು. ನೆರಳಿನಲ್ಲಿ ತಣಿಸಿದ ನಂತರ ಚಾಲೂ ಮಾಡಬೇಕು.

4. ಇತರರ ಲಾಗಿನ್ ಬಳಸುವಂತಿಲ್ಲ

ಮೇಲಿನ ಯಾವ ಪರಿಹಾರವೂ ಫಲಿಸದಿದ್ದಾಗ, ಸಹೋದ್ಯೋಗಿಯ ಪಾಸ್‌ವರ್ಡ್ ಕೇಳಿ ಪಡೆಯುವುದು ಅಥವಾ ಟೋಕನ್ ಮತ್ತು ಪಿನ್ ಎರಡನ್ನೂ ಗಣಕಯಂತ್ರ ನಿರ್ವಾಹಕರ ಕೈಗೆ ಕೊಟ್ಟುಹೋಗುವುದು ಸುಲಭ ದಾರಿಯಾಗಿ ತೋರುತ್ತದೆ. ಕಾಲಮಿತಿಯ ಒತ್ತಡವಿರುವಾಗ ಹಾಗೂ ಎದುರಿಗೆ ಅರ್ಜಿದಾರರು ಕಾದು ನಿಂತಿರುವಾಗ ಈ ದಾರಿ ಇನ್ನೂ ಸುಲಭವೆನಿಸುತ್ತದೆ. ಆದರೆ ಇದು ಪರಿಹಾರವಲ್ಲ.

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಕಲಂ 42ರ ಪ್ರಕಾರ ಡಿಜಿಟಲ್ ಸಹಿಯ ಖಾಸಗಿ ಕೀಲಿಯನ್ನು ತನ್ನ ಹತೋಟಿಯಲ್ಲಿಯೇ ಇರಿಸಿಕೊಳ್ಳಲು ಯುಕ್ತ ಎಚ್ಚರಿಕೆ ವಹಿಸುವುದು ಸಹಿದಾರರ ಕರ್ತವ್ಯವಾಗಿದೆ. ಇತರರ ಪಾಸ್‌ವರ್ಡ್ ಅಥವಾ ವಿದ್ಯುನ್ಮಾನ ಸಹಿಯನ್ನು ವಂಚನೆಯಿಂದ ಅಥವಾ ಅಪ್ರಾಮಾಣಿಕವಾಗಿ ಬಳಸಿದರೆ ಕಲಂ 66ಸಿ ಅನ್ವಯ 3 ವರ್ಷಗಳವರೆಗೆ ಕಾರಾಗೃಹವಾಸ ಮತ್ತು ರೂ. 1 ಲಕ್ಷದವರೆಗೆ ದಂಡ ವಿಧಿಸಬಹುದಾಗಿದೆ.

ಇದರ ಹಿಂದಿನ ತತ್ವ ಹೊಸದೇನಲ್ಲ. ರಾಜ್ಯದಲ್ಲಿ ಪಹಣಿಗಳನ್ನು ಗಣಕೀಕರಿಸಿದ ಭೂಮಿ ಯೋಜನೆಯಲ್ಲಿ, 2000ರ ದಶಕದ ಆರಂಭದಲ್ಲಿಯೇ ಸಿಬ್ಬಂದಿಗೆ ಬೆರಳಚ್ಚು ಆಧಾರಿತ ಲಾಗಿನ್ ಅಳವಡಿಸಲಾಗಿತ್ತು. ದಾಖಲೆಯನ್ನು ತಿದ್ದಿದವರು ಯಾರು ಎಂಬುದು ನಿಸ್ಸಂದೇಹವಾಗಿ ತಿಳಿಯಬೇಕು, ತಿದ್ದಿದವರು ತಾವಲ್ಲವೆಂದು ನಿರಾಕರಿಸುವಂತಾಗಬಾರದು ಎಂಬುದೇ ಅದರ ಉದ್ದೇಶವಾಗಿತ್ತು. ಒಂದು ಜಮೀನಿನ ಹಕ್ಕು, ಒಂದು ಕುಟುಂಬದ ಜಾತಿ ಅಥವಾ ಆದಾಯದ ದಾಖಲೆಯು ಯಾರ ಲಾಗಿನ್‌ನಿಂದ ಹೊರಟಿದೆಯೋ ಅವರೇ ಅದಕ್ಕೆ ಉತ್ತರದಾಯಿಗಳು. ಮುಂದೆ ಪ್ರಮಾಣಪತ್ರದ ಸಿಂಧುತ್ವ ಪ್ರಶ್ನೆಗೆ ಒಳಗಾದರೆ ಅದರ ನಷ್ಟವನ್ನು ಅರ್ಜಿದಾರರೂ ಅನುಭವಿಸಬೇಕಾಗುತ್ತದೆ. ಆದುದರಿಂದ ಒಂದು ದಿನದ ವಿಳಂಬವನ್ನು ತಪ್ಪಿಸಲು ಬೇರೊಬ್ಬರ ಲಾಗಿನ್ ಬಳಸುವಂತೆ ಅರ್ಜಿದಾರರೂ ಒತ್ತಾಯಿಸಬಾರದು.

ಲಾಗಿನ್ ಇಲ್ಲದ ಅವಧಿಯಲ್ಲಿ ಸಿಬ್ಬಂದಿಯು ಸ್ಥಳ ಪರಿಶೀಲನೆಯನ್ನು ನಿಲ್ಲಿಸಬೇಕಾಗಿಲ್ಲ. ಹೇಳಿಕೆ ಹಾಗೂ ಮಹಜರನ್ನು ದಿನಾಂಕ ಸಹಿತ ಕಾಗದದ ಮೇಲೆ ಬರೆದಿಟ್ಟು, ಲಾಗಿನ್ ಸರಿಯಾದ ನಂತರ ಅಳವಡಿಸಬಹುದು. ತೊಂದರೆಯನ್ನು ಅಂದೇ ಮೇಲಧಿಕಾರಿಗಳಿಗೆ ಲಿಖಿತವಾಗಿ ತಿಳಿಸುವುದು ಅವಶ್ಯ. ಲಾಗಿನ್ ಬೇಗ ಸರಿಯಾಗದೆಂದು ಕಂಡುಬಂದಲ್ಲಿ, ಮತ್ತೊಬ್ಬ ಸಿಬ್ಬಂದಿಗೆ ಅವರದೇ ಹೆಸರಿನ ಲಾಗಿನ್‌ನಲ್ಲಿ ಪ್ರಭಾರ ವಹಿಸಿಕೊಡುವಂತೆ ಕೋರುವುದೇ ಕ್ರಮಬದ್ಧ ಮಾರ್ಗ.

5. ಅರ್ಜಿದಾರರ ಗಮನಕ್ಕೆ

5.1 ಅರ್ಜಿ ಸಲ್ಲಿಸಿದಾಗ ಸ್ವೀಕೃತಿ ಪಡೆಯತಕ್ಕದ್ದು. ಸಕಾಲ ವ್ಯಾಪ್ತಿಗೆ ಬರುವ ಸೇವೆಗಳಿಗೆ 15 ಅಂಕಿಗಳ ಜಿ.ಎಸ್.ಸಿ. ಸಂಖ್ಯೆ ನೀಡಲಾಗುತ್ತದೆ. ಈ ಸಂಖ್ಯೆಯಿಂದ ಅರ್ಜಿಯು ಯಾವ ಹಂತದಲ್ಲಿದೆ ಎಂಬುದನ್ನು ತಿಳಿಯಬಹುದು.

5.2 ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011 ರಾಜ್ಯಾದ್ಯಂತ 2012ರ ಏಪ್ರಿಲ್ 2ರಿಂದ ಅನುಷ್ಠಾನದಲ್ಲಿದೆ. ಅಗತ್ಯ ದಾಖಲೆಗಳೊಂದಿಗೆ ಪೂರ್ಣ ಅರ್ಜಿ ಸಲ್ಲಿಸಿದ ದಿನದಿಂದ ಕಾಲಮಿತಿ ಆರಂಭವಾಗುತ್ತದೆ. ಒಬ್ಬ ಸಿಬ್ಬಂದಿಯ ಲಾಗಿನ್ ಕೆಟ್ಟಿದೆ ಎಂಬ ಕಾರಣಕ್ಕೆ ಅದು ತಾನಾಗಿಯೇ ಮುಂದೂಡಲ್ಪಡುವುದಿಲ್ಲ.

5.3 ಕಾಲಮಿತಿ ಮೀರಿದಲ್ಲಿ ಅಥವಾ ಅರ್ಜಿ ತಿರಸ್ಕೃತವಾದಲ್ಲಿ 30 ದಿನಗಳೊಳಗೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ವಿಳಂಬವಾದ ಪ್ರತಿ ದಿನಕ್ಕೆ ರೂ. 20ರಂತೆ ಗರಿಷ್ಠ ರೂ. 500ರವರೆಗೆ ಪರಿಹಾರ ವೆಚ್ಚ ಪಡೆಯಲು ಅವಕಾಶವಿದೆ. ಈ ಮೊತ್ತವನ್ನು ವಿಳಂಬಕ್ಕೆ ಹೊಣೆಯಾದ ಸಿಬ್ಬಂದಿಯಿಂದ ವಸೂಲು ಮಾಡಲಾಗುತ್ತದೆ. ಆದುದರಿಂದ ಲಾಗಿನ್ ತೊಂದರೆಯನ್ನು ಅಂದೇ ಲಿಖಿತವಾಗಿ ವರದಿ ಮಾಡುವುದು ಸಿಬ್ಬಂದಿಯ ಹಿತಕ್ಕೂ ಒಳ್ಳೆಯದು.

5.4 ಸಂವಿಧಾನದ 371ಜೆ ವಿಧಿಯ ಮೇರೆಗೆ ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳಿಗೆ ಸಹಾಯಕ ಆಯುಕ್ತರು ನೀಡುವ ಅರ್ಹತಾ ಪ್ರಮಾಣಪತ್ರ, ಹಾಗೂ ಪ್ರವೇಶಾತಿಗೆ ಬೇಕಾಗುವ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳಿಗೆ ಪ್ರವೇಶ ಪ್ರಕಟಣೆಯವರೆಗೆ ಕಾಯದೆ ಮೊದಲೇ ಅರ್ಜಿ ಸಲ್ಲಿಸುವುದು ಸೂಕ್ತ. ಕಮಲಾಪುರದ ಗ್ರಾಮದಿಂದ ಹೊರಟ ಅರ್ಜಿಯು ಕಲಬುರಗಿ ತಲುಪುವವರೆಗೆ ಹಲವು ಲಾಗಿನ್‌ಗಳನ್ನು ದಾಟಬೇಕಾಗುತ್ತದೆ. ಅವುಗಳಲ್ಲಿ ಒಂದು ತಡವಾದರೂ ವಿದ್ಯಾರ್ಥಿಯ ಒಂದು ವರ್ಷವೇ ಪಣಕ್ಕೆ ಬೀಳಬಹುದು.

6. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಲಾಗಿನ್ ಆಗದ ಕಾರಣ ಮತ್ತೊಮ್ಮೆ ಅರ್ಜಿ ಹಾಕಬೇಕೆ?
ಉತ್ತರ: ಬೇಕಾಗಿಲ್ಲ. ಸ್ವೀಕೃತವಾದ ಅರ್ಜಿಯು ಸರ್ವರ್‌ನಲ್ಲಿ ಇರುತ್ತದೆ, ಸಿಬ್ಬಂದಿಯ ಲ್ಯಾಪ್‌ಟಾಪ್‌ನಲ್ಲಿ ಅಲ್ಲ. ಯಂತ್ರ ಕೆಟ್ಟರೂ ಅರ್ಜಿ ಕಳೆದುಹೋಗುವುದಿಲ್ಲ.

ಪ್ರಶ್ನೆ: ಲಾಗಿನ್ ಸರಿಪಡಿಸಲು ಅರ್ಜಿದಾರರು ಶುಲ್ಕ ಕೊಡಬೇಕೆ?
ಉತ್ತರ: ಇಲ್ಲ. ಅರ್ಜಿಗೆ ನಿಗದಿಪಡಿಸಿದ ಶುಲ್ಕದ ಹೊರತು ಬೇರಾವ ಹಣವನ್ನೂ ಕೊಡತಕ್ಕದ್ದಲ್ಲ.

ಪ್ರಶ್ನೆ: "ಅಧಿಕಾರಿಯ ಲಾಗಿನ್ ತೆರೆಯಲು ನಿಮಗೆ ಬಂದ ಒಟಿಪಿ ಹೇಳಿ" ಎಂದು ಕರೆ ಬಂದರೆ?
ಉತ್ತರ: ಹೇಳಬಾರದು. ಅಧಿಕಾರಿಯ ಲಾಗಿನ್‌ಗೆ ಸಂಬಂಧಿಸಿದ ಒಟಿಪಿಯು ಅವರ ಮೊಬೈಲ್‌ಗೇ ಬರುತ್ತದೆ. ಇಂತಹ ಕರೆಯು ವಂಚನೆಯಾಗಿರುವ ಸಂಭವ ಹೆಚ್ಚು. ಹಣ ಕಳೆದುಕೊಂಡಿದ್ದಲ್ಲಿ ತಡಮಾಡದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಪ್ರಶ್ನೆ: ಕಚೇರಿಗೆ ಹೋದಾಗ "ಸರ್ವರ್ ಇಲ್ಲ" ಎಂಬ ಉತ್ತರ ಮಾತ್ರ ದೊರೆತರೆ?
ಉತ್ತರ: ಅರ್ಜಿ ಸಂಖ್ಯೆಯನ್ನು ತಿಳಿಸಿ, ಅದು ಯಾವ ಹಂತದಲ್ಲಿ, ಎಂದಿನಿಂದ ನಿಂತಿದೆ ಎಂಬುದನ್ನು ಕೇಳಿ ತಿಳಿದುಕೊಳ್ಳಬಹುದು. ಅಗತ್ಯವಿದ್ದಲ್ಲಿ ಲಿಖಿತ ಮನವಿ ನೀಡಿ ಹಿಂಬರಹ ಕೋರಬಹುದು. ದಿನಾಂಕವುಳ್ಳ ಹಿಂಬರಹವು ಮೇಲ್ಮನವಿಯ ಸಂದರ್ಭದಲ್ಲಿ ದಾಖಲೆಯಾಗಿ ಉಪಯೋಗಕ್ಕೆ ಬರುತ್ತದೆ.