ಕೋಪಾರ್ಸನರ್: ಪಾಲಿನ ಪದವೊಂದರ ಮೂಲ ಮತ್ತು ಹೆಣ್ಣುಮಕ್ಕಳ ಹಕ್ಕು

ಗದಗ ಜಿಲ್ಲೆಯ ಡಂಬಳ ಸೀಮೆಯಲ್ಲಿ ಹೊಲಮನೆ ಹಂಚಿಕೊಳ್ಳುವುದಕ್ಕೆ ವಾಟ್ನಿ ಎನ್ನುತ್ತಾರೆ, ಬಂದ ಪಾಲಿಗೆ ಹಿಸ್ಸಾ. ತಕರಾರು ಕೋರ್ಟಿನ ಮೆಟ್ಟಿಲೇರಿದರೆ ‘ಕೋಪಾರ್ಸನರ್’ (ಸಹಪಾಲುದಾರ) ಎಂಬ ಇಂಗ್ಲಿಷ್ ಪದ ನಡುವೆ ಬರುತ್ತದೆ. ಈ ಪದದ ಹುಟ್ಟು ನಮ್ಮಲ್ಲಿ ಅದಕ್ಕಿದ್ದ ಬಳಕೆಗೆ ತದ್ವಿರುದ್ಧವಾದದ್ದು.

ಲ್ಯಾಟಿನ್ನಿನ ‘ಪಾರ್ಸ್’ ಎಂದರೆ ಭಾಗ. ‘ಪಾರ್ಟಿಶನ್’ ಅದರಿಂದಲೇ ಬಂದದ್ದು. ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗಿಳಿದ ‘ಪಾರ್ಸನರ್’ ಕೂಡ. ಇಂಗ್ಲೆಂಡಿನ ಹಳೆಯ ಭೂಕಾನೂನಿನಲ್ಲಿ ಗಂಡುಮಕ್ಕಳಿದ್ದರೆ ಇಡೀ ಜಮೀನು ಹಿರಿಮಗನಿಗೇ ಹೋಗುತ್ತಿತ್ತು. ಅಲ್ಲಿ ಪಾಲಿನ ಮಾತೇ ಏಳುತ್ತಿರಲಿಲ್ಲ. ಗಂಡುಸಂತಾನ ಇಲ್ಲದಿದ್ದಾಗ ಹೆಣ್ಣುಮಕ್ಕಳೆಲ್ಲ ಕೂಡಿ ವಾರಸುದಾರರಾಗುತ್ತಿದ್ದರು. ಪಾರ್ಸನರ್ ಎಂದರೆ ಮುಖ್ಯವಾಗಿ ಅವರೇ. ಕಾನೂನಿನ ಮೂಲಕ ಅವರನ್ನು ಪಾಲು ಮಾಡಿಕೊಳ್ಳುವಂತೆ ಒತ್ತಾಯಿಸಬಹುದಾದ್ದರಿಂದ ಈ ಹೆಸರು ಬಂತೆಂದು 15ನೇ ಶತಮಾನದ ನ್ಯಾಯಾಧೀಶ ಲಿಟಲ್‌ಟನ್ ವಿವರಿಸುತ್ತಾನೆ. ಕೆಂಟ್ ಪ್ರಾಂತದ ವಾಡಿಕೆಯಲ್ಲಿ ಅಣ್ಣತಮ್ಮಂದಿರಿಗೂ ಹೀಗೆನ್ನುತ್ತಿದ್ದರು. ಅದು ಸ್ಥಳೀಯ ಪದ್ಧತಿ.

ಪಾಲಿನ ವಿಷಯದಲ್ಲಿ ನಮ್ಮ ಕಡೆಯ ಆಧಾರಗ್ರಂಥ ಮಿತಾಕ್ಷರಾ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರ ಬರೆದದ್ದು. ಒಟ್ಟು ಸ್ವತ್ತಿನ ಮೇಲೆ ಹಲವರಿಗಿರುವ ಒಡೆತನವನ್ನು ಅದರ ಒಂದೊಂದು ಅಂಶದಲ್ಲಿ ನೆಲೆಗೊಳಿಸುವುದೇ ಅವನ ಪ್ರಕಾರ ವಿಭಾಗ. ಮದುವೆಯಾಗದ ಮಗಳಿಗೆ, ಅವಳು ಮಗನಾಗಿದ್ದರೆ ಸಿಗುತ್ತಿದ್ದ ಪಾಲಿನ ಕಾಲುಭಾಗ ಸಲ್ಲಬೇಕೆನ್ನುತ್ತಾನೆ. ಅದೇ ಅರಸನ ಆಳ್ವಿಕೆಯ, 1095ರ ಡಂಬಳದ ಶಾಸನ ಇಲ್ಲಿ ನೆನಪಾಗಬೇಕು. ಆಗ ಧರ್ಮಪುರ ಎನಿಸಿದ್ದ ಈ ಊರನ್ನು ಹದಿನೆಂಟು ಅಗ್ರಹಾರಗಳೊಡನೆ ಆಳುತ್ತಿದ್ದವಳು ರಾಣಿ ಲಕ್ಷ್ಮಾದೇವಿ. ಊರನ್ನೇ ಹೆಣ್ಣೊಬ್ಬಳು ಆಳುತ್ತಿದ್ದ ಕಾಲದಲ್ಲೂ ಶಾಸ್ತ್ರ ಮಗಳಿಗೆ ಅಳೆದುಕೊಟ್ಟದ್ದು ಕಾಲುಪಾಲು.

ಬ್ರಿಟಿಷ್ ನ್ಯಾಯಾಲಯಗಳ ಕೈಯಲ್ಲಿ ಆ ಕಾಲುಪಾಲೂ ಉಳಿಯಲಿಲ್ಲ, ಮದುವೆಯ ಖರ್ಚಿಗೆ ಇಳಿಯಿತು. ಅಕ್ಕತಂಗಿಯರಿಗೆಂದು ಬೆಳೆದಿದ್ದ ಕೋಪಾರ್ಸನರ್ ಪದ ಇಲ್ಲಿ ಹುಟ್ಟಿನಿಂದ ಹಕ್ಕುಳ್ಳ ಗಂಡಸರಿಗಷ್ಟೇ ಮೀಸಲಾಯಿತು. ಮೈಸೂರು ಸಂಸ್ಥಾನ 1933ರಲ್ಲಿ ಹೆಣ್ಣುಮಕ್ಕಳಿಗೆ ಒಂದಿಷ್ಟು ಪಾಲು ಕೊಟ್ಟಿತು. ಮುಂಬಯಿ ಪ್ರಾಂತದಲ್ಲಿದ್ದ ಡಂಬಳಕ್ಕೆ ಆ ಕಾಯಿದೆ ಅನ್ವಯಿಸಲಿಲ್ಲ. 1994ರ ಜುಲೈ 30ರಿಂದ ಕರ್ನಾಟಕ ಮಗಳನ್ನೂ ಕೋಪಾರ್ಸನರ್ ಎಂದು ಒಪ್ಪಿತಾದರೂ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಮಗಳಿಗೆ ಈ ಹಕ್ಕು ಸಿಗಲು ತಿದ್ದುಪಡಿಯ ದಿನ ತಂದೆ ಬದುಕಿರಬೇಕಿಲ್ಲವೆಂದು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಕಾಯಿದೆಯ ಇತಿಹಾಸ ಗ್ರಂಥಗಳಲ್ಲಿದೆ, ಹಳ್ಳಿಯ ಇತಿಹಾಸ ಮನೆಗಳ ಪೆಟ್ಟಿಗೆಗಳಲ್ಲಿ. ಅಕ್ಕತಂಗಿಯರ ಹೆಸರು ಹಳೆಯ ವಾಟ್ನಿ ಪತ್ರಗಳಲ್ಲಿ ಹೇಗೆ ಬಂದಿದೆ? ಪಾಲುದಾರಳೆಂದೇ, ಹಕ್ಕು ಬಿಟ್ಟವಳೆಂದೇ, ಅರಿಷಿಣ–ಕುಂಕುಮಕ್ಕೆ ಹೊಲ ಪಡೆದವಳೆಂದೇ? ಡಂಬಳ, ಮುಂಡರಗಿ, ಗದಗ ಭಾಗದ ಮನೆತನಗಳು ಇಂಥ ಪತ್ರಗಳನ್ನು ಗೆದ್ದಲಿಗೆ ಬಿಡದೆ ಸಂಶೋಧಕರಿಗೆ ತೋರಿಸಬೇಕೆಂದು ವಿನಂತಿ.