ಕೋಡಿ ಮರೆತ ಕೆರೆಗಳು

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಹಾಗಾದರೆ ಕ್ಯಾಲನೂರಿನಂತಹ ಊರುಗಳು ಶತಮಾನಗಳಿಂದ ಬದುಕಿದ್ದು ಹೇಗೆ? ಉತ್ತರ ಕೆರೆಗಳಲ್ಲಿದೆ. ಇವು ತಾವಾಗಿ ಉಂಟಾದ ಸರೋವರಗಳಲ್ಲ; ಹಿರಿಯರು ಹಳ್ಳಗಳಿಗೆ ಅಡ್ಡಲಾಗಿ ಏರಿ ಹಾಕಿ ಮಳೆನೀರು ನಿಲ್ಲಿಸಿದರು. ಮೇಲಿನ ಕೆರೆ ಕೋಡಿ ಹರಿದರೆ ಆ ನೀರು ಕೆಳಗಿನ ಕೆರೆಗೆ. ಹೀಗೆ ಕೆರೆಗಳದ್ದೇ ಒಂದು ಸರಪಣಿ.

ತೂಬು ತೆರೆದು ಗದ್ದೆಗಳಿಗೆ ನೀರು ಹಂಚುತ್ತಿದ್ದವನು ನೀರುಗಂಟಿ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಕಾಯ್ದೆ ರದ್ದುಪಡಿಸಿತು. ಹುಟ್ಟಿನಿಂದ ಬರುವ ಹುದ್ದೆ ಹೋದದ್ದು ನ್ಯಾಯವೇ. ಆದರೆ ಆ ಕೆಲಸಕ್ಕೆ ಬೇರೊಂದು ಏರ್ಪಾಡು ಬೇರೂರಲಿಲ್ಲ. ಮುಂದೆ ಕೊಳವೆಬಾವಿಗಳು ಹೆಚ್ಚಿದವು. ನೀರು ಹೊಲದಲ್ಲೇ ಸಿಕ್ಕಾಗ ಕೆರೆಯ ಹೂಳೆತ್ತುವ ಮಾತು ಹಿಂದೆ ಬಿತ್ತು, ಕಾಲುವೆಗಳು ಮುಚ್ಚಿದವು. ಕೆರೆ ಬತ್ತಿದಂತೆ ಅಂತರ್ಜಲವೂ ಕುಸಿಯಿತು. ಎಷ್ಟೋ ಕೊಳವೆಬಾವಿಗಳು ಸಾವಿರ ಅಡಿ ದಾಟಿದವು.

2018ರಲ್ಲಿ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಆ ನೀರು ಎಷ್ಟು ಶುದ್ಧ ಎಂಬ ವಾದ ನ್ಯಾಯಾಲಯಕ್ಕೂ ಹೋಯಿತು. ಆದರೆ ಅದು ಮುಂದಿನ ಕೆರೆಗಳಿಗೆ ಸಾಗಿದ್ದು ಹಿರಿಯರ ಆ ಕೋಡಿ, ಕಾಲುವೆಗಳ ದಾರಿಯಲ್ಲೇ.

ನಿಮ್ಮೂರ ಕೆರೆಯ ಏರಿ ಮೇಲೆ ಒಮ್ಮೆ ನಿಂತು ನೋಡಿ: ನೀರು ಬರುವ ದಾರಿ ಇನ್ನೂ ತೆರೆದಿದೆಯೇ?